ಜಾಲಪುಟದ ವಿಳಾಸ ಬದಲಾದಾಗ: ಮರುನಿರ್ದೇಶನದ ಕ್ರಮ ಮತ್ತು ಮಹತ್ವ

ಪೀಠಿಕೆ

ಊರುಗಳ ಹೆಸರು ಬದಲಾಗುವುದು ನಮ್ಮ ದೇಶಕ್ಕೆ ಹೊಸದಲ್ಲ. 1995ರಲ್ಲಿ ಬೊಂಬಾಯಿಯು ಅಧಿಕೃತವಾಗಿ ಮುಂಬಯಿ ಆಯಿತು. 1996ರಲ್ಲಿ ಮದರಾಸು ಚೆನ್ನೈ ಆಯಿತು. 2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ನಗರಗಳ ಹೆಸರುಗಳು ಇಂಗ್ಲಿಷ್ ಬರವಣಿಗೆಯಲ್ಲಿಯೂ ಕನ್ನಡದ ಉಚ್ಚಾರಣೆಗೆ ಅನುಗುಣವಾದವು. ಆದರೂ ‘ಬೆಲ್ಗಾಂ’ ಎಂದು ವಿಳಾಸ ಬರೆದ ಕಾಗದವು ಬೆಳಗಾವಿಗೆ ತಲುಪುತ್ತದೆ. ಅಂಚೆ ಕಚೇರಿಯ ಸಿಬ್ಬಂದಿಗೆ ಹಳೆಯ ಮತ್ತು ಹೊಸ ಹೆಸರುಗಳೆರಡೂ ಪರಿಚಿತವಾಗಿವೆ. ಇದಲ್ಲದೆ, 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರು ಅಂಕಿಗಳ ಪಿನ್ ಕೋಡ್, ಊರಿನ ಹೆಸರು ಬದಲಾದ ಮಾತ್ರಕ್ಕೆ ಬದಲಾಗುವುದಿಲ್ಲ.

ಅಂತರಜಾಲದಲ್ಲಿ ಈ ಅನುಕೂಲವು ತಾನಾಗಿ ಒದಗುವುದಿಲ್ಲ. ಒಂದು ಪುಟದ ವಿಳಾಸದಲ್ಲಿ ಒಂದು ಅಕ್ಷರ ವ್ಯತ್ಯಾಸವಾದರೂ ಗಣಕಯಂತ್ರದ ದೃಷ್ಟಿಯಲ್ಲಿ ಅದು ಬೇರೆಯೇ ಪುಟ. ಹಳೆಯ ವಿಳಾಸವನ್ನು ನಂಬಿ ಬಂದವರಿಗೆ ‘ಪುಟ ದೊರೆಯಲಿಲ್ಲ’ ಎಂಬ ಉತ್ತರ ಸಿಗುತ್ತದೆ. ಅದರೊಡನೆ, ಶೋಧಯಂತ್ರಗಳಲ್ಲಿ ಆ ಪುಟವು ಅನೇಕ ವರ್ಷಗಳಿಂದ ಗಳಿಸಿದ್ದ ಸ್ಥಾನವೂ ನಷ್ಟವಾಗುತ್ತದೆ. ಈ ನಷ್ಟವನ್ನು ತಡೆಯಲು ಇರುವ ಸರಳವಾದ, ಹೆಚ್ಚಿನ ವೆಚ್ಚವಿಲ್ಲದ ವ್ಯವಸ್ಥೆಯೇ ಮರುನಿರ್ದೇಶನ. ಇದನ್ನು ರೂಢಿಯಲ್ಲಿ ‘ರೀಡೈರೆಕ್ಟ್’ ಎಂದು ಕರೆಯುತ್ತಾರೆ. ಜಾಲತಾಣವನ್ನು ಹೊಂದಿರುವ ಸಂಘ, ಶಾಲೆ, ಸಹಕಾರಿ ಸಂಸ್ಥೆ, ಪ್ರಕಾಶನ ಸಂಸ್ಥೆ ಹಾಗೂ ಸಣ್ಣ ಉದ್ಯಮಗಳ ಹೊಣೆ ಹೊತ್ತವರು ಇದರ ಸ್ವರೂಪವನ್ನು ಅರಿತಿರುವುದು ಅವಶ್ಯಕ. ತಾಂತ್ರಿಕ ಕೆಲಸವನ್ನು ತಜ್ಞರೇ ಮಾಡಬಹುದು. ಆದರೆ ಏನನ್ನು ಮಾಡಿಸಬೇಕೆಂಬುದು ಮಾಡಿಸುವವರಿಗೆ ತಿಳಿದಿರಬೇಕು.

ವಿಳಾಸದ ಭಾಗಗಳು

ಪ್ರತಿಯೊಂದು ಜಾಲಪುಟದ ವಿಳಾಸದಲ್ಲಿಯೂ ಮುಖ್ಯವಾಗಿ ಮೂರು ಭಾಗಗಳಿರುತ್ತವೆ. ಮೊದಲನೆಯದು ಸಂಪರ್ಕದ ಕ್ರಮ. ‘ಎಚ್‌ಟಿಟಿಪಿ’ ಅಥವಾ ಅದರ ಸುರಕ್ಷಿತ ರೂಪವಾದ ‘ಎಚ್‌ಟಿಟಿಪಿಎಸ್’. ಎರಡನೆಯದು ಡೊಮೇನ್, ಅಂದರೆ ಜಾಲತಾಣದ ಹೆಸರು. ‘ಡಾಟ್ ಇನ್’, ‘ಡಾಟ್ ಕಾಮ್’, ‘ಡಾಟ್ ಒಆರ್‌ಜಿ’ ಮುಂತಾದವುಗಳಿಂದ ಇದು ಕೊನೆಗೊಳ್ಳುತ್ತದೆ. ಮೂರನೆಯದು ಆ ತಾಣದೊಳಗೆ ನಿರ್ದಿಷ್ಟ ಪುಟಕ್ಕೆ ಹೋಗುವ ದಾರಿ. ಊರು, ಬೀದಿ, ಮನೆಯ ಸಂಖ್ಯೆ ಇವು ಹೇಗೋ ಹಾಗೆಯೇ ಈ ಭಾಗಗಳು. ಮೂರರಲ್ಲಿ ಯಾವುದೊಂದು ಬದಲಾದರೂ ಪೂರ್ಣ ವಿಳಾಸವೇ ಬದಲಾದಂತೆ.

ವಿಳಾಸ ಬದಲಾಗುವುದಕ್ಕೆ ಅನೇಕ ಕಾರಣಗಳಿವೆ. ಸಂಸ್ಥೆಯ ಹೆಸರು ಬದಲಾಗಬಹುದು. ಎರಡು ಸಂಸ್ಥೆಗಳು ಒಂದಾಗಬಹುದು. ಹಳೆಯ ತಂತ್ರಾಂಶವನ್ನು ಬಿಟ್ಟು ಹೊಸ ತಂತ್ರಾಂಶದಲ್ಲಿ ತಾಣವನ್ನು ಪುನಃ ರಚಿಸಬಹುದು. ಸುರಕ್ಷತೆಗಾಗಿ ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಹೋಗಬಹುದು. 2018ರ ಜುಲೈ ತಿಂಗಳಿನಿಂದ ಕ್ರೋಮ್ ಬ್ರೌಸರ್ ಹಳೆಯ ಕ್ರಮದ ತಾಣಗಳನ್ನೆಲ್ಲ ‘ಸುರಕ್ಷಿತವಲ್ಲ’ ಎಂದು ಗುರುತಿಸತೊಡಗಿದಾಗ, ಇನ್ನೂ ಹಳೆಯ ಕ್ರಮದಲ್ಲಿದ್ದ ತಾಣಗಳಿಗೆ ಈ ಬದಲಾವಣೆಯು ಅನಿವಾರ್ಯವಾಯಿತು.

ವಿಶ್ವವ್ಯಾಪಿ ಜಾಲದ ಕಲ್ಪನೆಯನ್ನು 1989ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿ ಮಂಡಿಸಿದ ಟಿಮ್ ಬರ್ನರ್ಸ್-ಲೀ ಅವರು 1998ರಲ್ಲಿಯೇ ಈ ಸಮಸ್ಯೆಯನ್ನು ಕುರಿತು ಲೇಖನವೊಂದನ್ನು ಬರೆದರು. ಉತ್ತಮ ವಿಳಾಸಗಳು ಬದಲಾಗಬಾರದು. ಬದಲಾವಣೆಗೆ ತಂತ್ರಜ್ಞಾನಕ್ಕಿಂತ ಮನುಷ್ಯರ ಮುಂದಾಲೋಚನೆಯ ಕೊರತೆಯೇ ಹೆಚ್ಚಾಗಿ ಕಾರಣ ಎಂಬುದು ಅವರ ಅಭಿಪ್ರಾಯವಾಗಿತ್ತು. ಆ ಎಚ್ಚರಿಕೆಯನ್ನು ಜಗತ್ತು ಅಷ್ಟಾಗಿ ಪಾಲಿಸಲಿಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇಕಡಾ 38ರಷ್ಟು ಹತ್ತು ವರ್ಷಗಳ ಬಳಿಕ ದೊರೆಯುತ್ತಿರಲಿಲ್ಲ.

ಶೋಧಯಂತ್ರದಲ್ಲಿ ಸ್ಥಾನವು ಹೇಗೆ ದೊರೆಯುತ್ತದೆ?

ಶೋಧಯಂತ್ರದ ಕೆಲಸವು ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯ ಹಂತದಲ್ಲಿ ಅದರ ತಂತ್ರಾಂಶವು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿಗಳ ಮೂಲಕ ಸಂಚರಿಸುತ್ತ ಪುಟಗಳನ್ನು ಓದುತ್ತದೆ. ಎರಡನೆಯ ಹಂತದಲ್ಲಿ ಓದಿದ ವಿಷಯವನ್ನು, ಪುಸ್ತಕದ ಕೊನೆಯ ಪದಸೂಚಿಯಂತೆ, ವಿಳಾಸದೊಡನೆ ದಾಖಲಿಸಿಕೊಳ್ಳುತ್ತದೆ. ಮೂರನೆಯ ಹಂತದಲ್ಲಿ, ಯಾರಾದರೂ ಒಂದು ವಿಷಯವನ್ನು ಹುಡುಕಿದಾಗ, ದಾಖಲಾದ ಪುಟಗಳಲ್ಲಿ ಯಾವುದನ್ನು ಮೊದಲು ತೋರಿಸಬೇಕೆಂದು ನಿರ್ಣಯಿಸುತ್ತದೆ.

ಈ ನಿರ್ಣಯಕ್ಕೆ ಆಧಾರಗಳು ಅನೇಕ. ಅವುಗಳಲ್ಲಿ ಮುಖ್ಯವಾದ ಒಂದನ್ನು 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧನಾ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ವಿವರಿಸಿದರು. ಅದನ್ನು ‘ಪೇಜ್‌ರ‍್ಯಾಂಕ್’ ಎನ್ನುತ್ತಾರೆ. ಒಂದು ಪುಟವನ್ನು ಇತರ ಎಷ್ಟು ಪುಟಗಳು ಕೊಂಡಿಯ ಮೂಲಕ ಉಲ್ಲೇಖಿಸುತ್ತವೆ, ಉಲ್ಲೇಖಿಸುವ ಪುಟಗಳಿಗೇ ಎಷ್ಟು ಮನ್ನಣೆ ಇದೆ ಎಂಬುದನ್ನು ಲೆಕ್ಕ ಹಾಕಿ ಪುಟದ ಮಹತ್ವವನ್ನು ಅಳೆಯುವ ವಿಧಾನವಿದು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅವರು ಸ್ಥಾಪಿಸಿದ ಗೂಗಲ್ ಸಂಸ್ಥೆಗೆ ಈ ವಿಧಾನವೇ ತಳಹದಿಯಾಯಿತು.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಈ ಮನ್ನಣೆಯೆಲ್ಲವೂ ಪುಟದ ವಿಳಾಸದ ಹೆಸರಿನಲ್ಲಿಯೇ ಜಮೆಯಾಗುತ್ತದೆ. ಬ್ಯಾಂಕಿನಲ್ಲಿ ಠೇವಣಿಯು ಖಾತೆಯ ಸಂಖ್ಯೆಯಲ್ಲಿ ಜಮೆಯಾಗುವಂತೆ ಇದನ್ನು ತಿಳಿಯಬಹುದು. ಖಾತೆಯನ್ನು ವರ್ಗಾಯಿಸದೆ ಹೊಸ ಖಾತೆಯೊಂದನ್ನು ತೆರೆದರೆ ಅದರಲ್ಲಿ ಹಳೆಯ ಹಣವು ಕಾಣಿಸುವುದಿಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಪುಣೆಯಲ್ಲಿ ಕನ್ನಡ ಸಂಘವೊಂದಿದೆ ಎಂದಿಟ್ಟುಕೊಳ್ಳೋಣ. ಅದು ಮಕ್ಕಳಿಗಾಗಿ ಪ್ರತಿ ಭಾನುವಾರ ಕನ್ನಡ ಕಲಿಕೆಯ ತರಗತಿ ನಡೆಸುತ್ತದೆ. ತರಗತಿಯ ವಿವರವಿರುವ ಪುಟವನ್ನು ಶಾಲೆಗಳು, ಪತ್ರಿಕೆಗಳು, ಇತರ ನಗರಗಳ ಸಂಘಗಳು ತಮ್ಮ ತಾಣಗಳಲ್ಲಿ ಉಲ್ಲೇಖಿಸಿವೆ. ಹೊಸದಾಗಿ ಪುಣೆಗೆ ವರ್ಗವಾಗಿ ಬಂದ ಕುಟುಂಬವು ‘ಪುಣೆಯಲ್ಲಿ ಕನ್ನಡ ತರಗತಿ’ ಎಂದು ಹುಡುಕಿದಾಗ ಆ ಪುಟವೇ ಮೊದಲು ಕಾಣಿಸುತ್ತದೆ. ಸಂಘವು ಹೊಸ ಜಾಲತಾಣವನ್ನು ರಚಿಸಿ ಹಳೆಯ ವಿಳಾಸಗಳನ್ನು ಕೈಬಿಟ್ಟಿತೆನ್ನಿ. ಉಲ್ಲೇಖಗಳೆಲ್ಲವೂ ಇಲ್ಲದ ಪುಟವೊಂದಕ್ಕೆ ಬೆರಳು ತೋರಿಸತೊಡಗುತ್ತವೆ. ಹೊಸ ಪುಟಕ್ಕೆ ಯಾರ ಉಲ್ಲೇಖವೂ ಇಲ್ಲವಾದ್ದರಿಂದ ಅದು ಶೋಧದ ಫಲಿತಾಂಶದಲ್ಲಿ ಬಹಳ ಕೆಳಗೆ ಬೀಳುತ್ತದೆ. ತರಗತಿಯು ಮೊದಲಿನಂತೆಯೇ ನಡೆಯುತ್ತಿದೆ. ಆದರೆ ಹುಡುಕುವ ತಂದೆತಾಯಿಗಳಿಗೆ ಅದು ಇಲ್ಲವಾಗಿದೆ. ನೆರೆಹೊರೆಯಲ್ಲಿ ಕನ್ನಡದ ಬಳಕೆ ಕಡಿಮೆಯಿರುವ ನಗರಗಳಲ್ಲಿ ಇಂತಹ ಪುಟವೊಂದು ಮರೆಯಾಗುವುದೆಂದರೆ ಮಗುವೊಂದಕ್ಕೆ ಅಕ್ಷರ ಕಲಿಯುವ ಅವಕಾಶ ತಪ್ಪಿದಂತೆಯೇ ಸರಿ.

ಮರುನಿರ್ದೇಶನ ಎಂದರೇನು?

ಮನೆ ಬದಲಿಸಿದವರು ಅಂಚೆ ಕಚೇರಿಗೆ ಹೊಸ ವಿಳಾಸವನ್ನು ಬರೆದುಕೊಟ್ಟರೆ, ಹಳೆಯ ವಿಳಾಸಕ್ಕೆ ಬಂದ ಕಾಗದದ ಮೇಲೆ ಹೊಸ ವಿಳಾಸವನ್ನು ನಮೂದಿಸಿ ಮುಂದಕ್ಕೆ ಕಳುಹಿಸಲಾಗುತ್ತದೆ. ಜಾಲದಲ್ಲಿ ಈ ಕೆಲಸವನ್ನು ಸರ್ವರ್ ಎಂಬ ಗಣಕಯಂತ್ರವು ಮಾಡುತ್ತದೆ. ಬ್ರೌಸರ್ ಒಂದು ಪುಟವನ್ನು ಕೇಳಿದಾಗಲೆಲ್ಲ ಸರ್ವರ್ ಮೂರು ಅಂಕಿಗಳ ಸಂಕೇತವೊಂದನ್ನು ಮೊದಲು ಕಳುಹಿಸುತ್ತದೆ. ಓದುಗರಿಗೆ ಈ ಸಂಕೇತವು ಸಾಮಾನ್ಯವಾಗಿ ಕಾಣಿಸುವುದಿಲ್ಲ. ಬ್ರೌಸರ್ ಮತ್ತು ಶೋಧಯಂತ್ರಗಳು ಅದನ್ನು ಓದಿಕೊಳ್ಳುತ್ತವೆ. ಅವುಗಳಲ್ಲಿ ಮುಖ್ಯವಾದವು ಹೀಗಿವೆ:

200 – ಪುಟವು ಇದೆ, ಇಗೋ ಕಳುಹಿಸಿದೆ.
301 – ಪುಟವು ಶಾಶ್ವತವಾಗಿ ಹೊಸ ವಿಳಾಸಕ್ಕೆ ಹೋಗಿದೆ.
302 – ಪುಟವು ಸದ್ಯಕ್ಕೆ ಬೇರೆ ವಿಳಾಸದಲ್ಲಿದೆ.
307 – ಇದೂ ತಾತ್ಕಾಲಿಕವೇ. ಆದರೆ ಬೇಡಿಕೆಯ ಸ್ವರೂಪವನ್ನು ಬದಲಿಸದೆ ಮುಂದಕ್ಕೆ ಕಳುಹಿಸಬೇಕು.
308 – ಇದು ಶಾಶ್ವತ; ಇಲ್ಲಿಯೂ ಬೇಡಿಕೆಯ ಸ್ವರೂಪವು ಬದಲಾಗಬಾರದು.
404 – ಈ ವಿಳಾಸದಲ್ಲಿ ಪುಟವು ದೊರೆಯಲಿಲ್ಲ.
410 – ಪುಟವನ್ನು ತೆಗೆದುಹಾಕಲಾಗಿದೆ, ಮತ್ತೆ ಬರುವುದಿಲ್ಲ.

301 ಮತ್ತು 302 ಸಂಕೇತಗಳು 1996ರ ಎಚ್‌ಟಿಟಿಪಿ ದಸ್ತಾವೇಜಿನಲ್ಲಿಯೇ ಇದ್ದವು. 308ನ್ನು ಬಹಳ ಕಾಲದ ನಂತರ ಸೇರಿಸಲಾಯಿತು. ಅರ್ಜಿ ನಮೂನೆಯಲ್ಲಿ ಭರ್ತಿ ಮಾಡಿದ ವಿವರಗಳನ್ನು ಕಳುಹಿಸುವಂತಹ ಸಂದರ್ಭಗಳಲ್ಲಿ 307 ಮತ್ತು 308 ಉಪಯುಕ್ತ. ಕೇವಲ ಓದುವ ಪುಟಗಳಿಗೆ 301 ಮತ್ತು 302 ಸಾಕಾಗುತ್ತವೆ.

ಶಾಶ್ವತವೋ ತಾತ್ಕಾಲಿಕವೋ?

301 ಮತ್ತು 302 ಇವೆರಡರಲ್ಲಿ ಯಾವುದನ್ನು ಬಳಸಿದರೂ ಓದುಗನು ಹೊಸ ಪುಟಕ್ಕೇ ತಲುಪುತ್ತಾನೆ. ಆದ್ದರಿಂದ ವ್ಯತ್ಯಾಸವು ಮೇಲ್ನೋಟಕ್ಕೆ ಕಾಣುವುದಿಲ್ಲ. ಆದರೆ ಶೋಧಯಂತ್ರಕ್ಕೆ ಇವೆರಡರ ಅರ್ಥವೂ ಬೇರೆ ಬೇರೆ. ಶಾಶ್ವತ ಮರುನಿರ್ದೇಶನವನ್ನು ಕಂಡಾಗ, ಇನ್ನು ಮುಂದೆ ಹೊಸ ವಿಳಾಸವನ್ನೇ ಮುಖ್ಯವೆಂದು ದಾಖಲಿಸಬೇಕೆಂಬುದಕ್ಕೆ ಅದು ಪ್ರಬಲವಾದ ಸೂಚನೆಯೆಂದು ಗೂಗಲ್ ಪರಿಗಣಿಸುತ್ತದೆ. ತಾತ್ಕಾಲಿಕ ಮರುನಿರ್ದೇಶನವನ್ನು ದುರ್ಬಲ ಸೂಚನೆಯೆಂದು ಪರಿಗಣಿಸುವುದರಿಂದ ಹಳೆಯ ವಿಳಾಸವೇ ಫಲಿತಾಂಶಗಳಲ್ಲಿ ಉಳಿಯಬಹುದು.

ಮರುನಿರ್ದೇಶನ ಮಾಡಿದರೆ ಮನ್ನಣೆಯ ಒಂದು ಅಂಶವು ದಾರಿಯಲ್ಲಿ ಸೋರಿಹೋಗುತ್ತದೆಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. 30ರಿಂದ ಆರಂಭವಾಗುವ ಸಂಕೇತಗಳ ಮರುನಿರ್ದೇಶನದಿಂದ ಪೇಜ್‌ರ‍್ಯಾಂಕ್ ನಷ್ಟವಾಗುವುದಿಲ್ಲವೆಂದು ಗೂಗಲ್ ಸಂಸ್ಥೆಯ ತಜ್ಞರು 2016ರಲ್ಲಿ ಸ್ಪಷ್ಟಪಡಿಸಿದರು. ಆದುದರಿಂದ ಈ ಭಯದಿಂದ ಮರುನಿರ್ದೇಶನವನ್ನು ಕೈಬಿಡಬೇಕಾಗಿಲ್ಲ.

ಯಾವಾಗ ಯಾವುದನ್ನು ಬಳಸಬೇಕು? ತಾಣದ ದುರಸ್ತಿಗಾಗಿ ಎರಡು ದಿನ ಓದುಗರನ್ನು ಬೇರೆ ಪುಟಕ್ಕೆ ಕಳುಹಿಸಬೇಕಾದರೆ, ಅಥವಾ ರಾಜ್ಯೋತ್ಸವದ ತಿಂಗಳಿನಲ್ಲಿ ಮಾತ್ರ ‘ಕಾರ್ಯಕ್ರಮಗಳು’ ಎಂಬ ಪುಟಕ್ಕೆ ಬಂದವರನ್ನು ಉತ್ಸವದ ವಿಶೇಷ ಪುಟಕ್ಕೆ ಕರೆದೊಯ್ಯಬೇಕಾದರೆ, ತಾತ್ಕಾಲಿಕ ಕ್ರಮವೇ ಸರಿ. ಹಳೆಯ ವಿಳಾಸಕ್ಕೆ ಮರಳುವ ಉದ್ದೇಶವಿಲ್ಲದಿದ್ದರೆ ಶಾಶ್ವತ ಕ್ರಮವನ್ನೇ ಅನುಸರಿಸಬೇಕು. ಶಾಶ್ವತ ಮರುನಿರ್ದೇಶನವನ್ನು ಬ್ರೌಸರ್‌ಗಳು ನೆನಪಿನಲ್ಲಿಟ್ಟುಕೊಳ್ಳುತ್ತವೆ. ಒಮ್ಮೆ ಕೊಟ್ಟ ಮೇಲೆ ಅದನ್ನು ಹಿಂದೆಗೆದುಕೊಳ್ಳುವುದು ಕಷ್ಟ. ಆದ್ದರಿಂದ ನಿರ್ಧಾರ ಖಚಿತವಾದ ಮೇಲೆಯೇ ಅದನ್ನು ಜಾರಿಗೆ ತರುವುದು ಉಚಿತ.

ಸ್ಥಳಾಂತರದ ಕ್ರಮ

ಜಾಲತಾಣದ ಸ್ಥಳಾಂತರವನ್ನು ಮನೆ ಬದಲಿಸುವಂತೆಯೇ ಪಟ್ಟಿ ಮಾಡಿಕೊಂಡು ನಡೆಸಬೇಕು. ಅನುಸರಿಸಬೇಕಾದ ಹಂತಗಳು ಹೀಗಿವೆ:

1. ಹಳೆಯ ವಿಳಾಸಗಳ ಪೂರ್ಣ ಪಟ್ಟಿ: ಹಳೆಯ ತಾಣವು ಇನ್ನೂ ಕಾರ್ಯನಿರ್ವಹಿಸುತ್ತಿರುವಾಗಲೇ ಅದರಲ್ಲಿರುವ ಎಲ್ಲ ಪುಟಗಳ, ಚಿತ್ರಗಳ ಹಾಗೂ ಪಿಡಿಎಫ್ ಕಡತಗಳ ವಿಳಾಸಗಳನ್ನು ಸಂಗ್ರಹಿಸಬೇಕು. ತಾಣನಕ್ಷೆ, ಸರ್ವರಿನ ದಾಖಲೆಗಳು ಮತ್ತು ಗೂಗಲ್‌ನ ‘ಸರ್ಚ್ ಕನ್ಸೋಲ್’ ಎಂಬ ಉಚಿತ ಸೌಲಭ್ಯ ಇವುಗಳಿಂದ ಪಟ್ಟಿಯು ದೊರೆಯುತ್ತದೆ. ಹಳೆಯ ತಾಣವನ್ನು ಮುಚ್ಚಿದ ಮೇಲೆ ಪಟ್ಟಿ ತಯಾರಿಸಲು ಹೊರಟರೆ ಬಹಳಷ್ಟು ಪುಟಗಳು ಕೈತಪ್ಪುತ್ತವೆ.

2. ಜೋಡಣೆಯ ಕೋಷ್ಟಕ: ಒಂದು ಕಾಲಂನಲ್ಲಿ ಹಳೆಯ ವಿಳಾಸವನ್ನೂ ಅದರೆದುರಿನ ಕಾಲಂನಲ್ಲಿ ಅದೇ ವಿಷಯವಿರುವ ಹೊಸ ವಿಳಾಸವನ್ನೂ ಬರೆಯಬೇಕು. ಪುಣೆಯ ಸಂಘದ ಉದಾಹರಣೆಯಲ್ಲಿ, ಹಳೆಯ ‘ತರಗತಿ’ ಪುಟದ ಎದುರು ಹೊಸ ‘ಕನ್ನಡ ಕಲಿಕೆ’ ಪುಟವೂ, 2009ರ ಸ್ಮರಣ ಸಂಚಿಕೆಯ ಎದುರು ಅದೇ ಸಂಚಿಕೆಯ ಹೊಸ ವಿಳಾಸವೂ ಬರಬೇಕು. ಎರಡು ಹಳೆಯ ಪುಟಗಳನ್ನು ಸೇರಿಸಿ ಒಂದು ಮಾಡಿದ್ದರೆ, ಅವೆರಡರ ಎದುರೂ ಆ ಒಂದೇ ಹೊಸ ವಿಳಾಸವನ್ನು ಬರೆಯಬಹುದು.

3. ಇಲ್ಲವಾಗುವ ಪುಟಗಳ ನಿರ್ಧಾರ: ಹೊಸ ತಾಣದಲ್ಲಿ ಸಮಾನವಾದ ಪುಟವಿಲ್ಲದಿದ್ದರೆ ಅಂತಹ ಹಳೆಯ ವಿಳಾಸಕ್ಕೆ 404 ಅಥವಾ 410 ಉತ್ತರವನ್ನೇ ಕೊಡುವುದು ಪ್ರಾಮಾಣಿಕವಾದ ಮಾರ್ಗ. ಆ ಪುಟದಲ್ಲಿ ತಾಣದ ಮುಖ್ಯ ವಿಭಾಗಗಳಿಗೆ ಕೊಂಡಿಗಳನ್ನೂ, ಹುಡುಕುವ ಸೌಲಭ್ಯವನ್ನೂ ಒದಗಿಸಬೇಕು.

4. ಸರ್ವರಿನಲ್ಲಿ ಅಳವಡಿಕೆ: ಕೋಷ್ಟಕವನ್ನು ಸರ್ವರಿನ ನಿಯಮಗಳ ರೂಪಕ್ಕೆ ತರಬೇಕು. ಬಳಕೆಯಲ್ಲಿರುವ ಎಲ್ಲ ಪ್ರಮುಖ ಸರ್ವರ್ ತಂತ್ರಾಂಶಗಳಲ್ಲಿಯೂ ಇದಕ್ಕೆ ಅವಕಾಶವಿದೆ. ಸರ್ವರಿನ ನಿಯಮಗಳನ್ನು ಬದಲಿಸುವ ಅಧಿಕಾರವಿಲ್ಲದಿದ್ದಾಗ, ಹಳೆಯ ಪುಟದೊಳಗೆಯೇ ‘ಸೊನ್ನೆ ಸೆಕೆಂಡಿನಲ್ಲಿ ಮುಂದಿನ ಪುಟಕ್ಕೆ ಹೋಗು’ ಎಂಬ ಸೂಚನೆಯನ್ನು ಬರೆಯಬಹುದು. ಗೂಗಲ್ ಇದನ್ನೂ ಶಾಶ್ವತ ಮರುನಿರ್ದೇಶನವೆಂದೇ ಗ್ರಹಿಸುತ್ತದೆ. ಆದರೂ ಸರ್ವರಿನ ನಿಯಮವೇ ಮೊದಲ ಆಯ್ಕೆಯಾಗಿರಬೇಕು.

5. ಒಳಗಿನ ಕೊಂಡಿಗಳ ತಿದ್ದುಪಡಿ: ಮರುನಿರ್ದೇಶನವು ಹೊರಗಿನಿಂದ ಬರುವವರಿಗಾಗಿ ಇರುವ ವ್ಯವಸ್ಥೆ. ನಮ್ಮ ತಾಣದ ಪುಟಗಳು ಒಂದನ್ನೊಂದು ಉಲ್ಲೇಖಿಸುವಾಗ ಹೊಸ ವಿಳಾಸವನ್ನೇ ಬಳಸಬೇಕು. ತಾಣನಕ್ಷೆಯಲ್ಲಿಯೂ ಹೊಸ ವಿಳಾಸಗಳೇ ಇರಬೇಕು.

6. ಪರೀಕ್ಷೆ: ಕೋಷ್ಟಕದ ಪ್ರತಿಯೊಂದು ಹಳೆಯ ವಿಳಾಸವನ್ನೂ ತೆರೆದು ನೋಡಿ, ಸರಿಯಾದ ಪುಟಕ್ಕೆ ತಲುಪುತ್ತದೆಯೇ, 301 ಸಂಕೇತವೇ ಬರುತ್ತದೆಯೇ ಎಂದು ಪರಿಶೀಲಿಸಬೇಕು. ಸಾವಿರಾರು ವಿಳಾಸಗಳಿದ್ದರೆ ಈ ಕೆಲಸಕ್ಕೆ ತಂತ್ರಾಂಶಗಳ ನೆರವನ್ನು ಪಡೆಯಬಹುದು.

7. ಶೋಧಯಂತ್ರಕ್ಕೆ ಸೂಚನೆ: ಡೊಮೇನ್ ಬದಲಾದಾಗ ಸರ್ಚ್ ಕನ್ಸೋಲ್‌ನಲ್ಲಿರುವ ‘ವಿಳಾಸ ಬದಲಾವಣೆ’ ಸೌಲಭ್ಯದ ಮೂಲಕ ಅದನ್ನು ತಿಳಿಸಬೇಕು. ಆ ಸೂಚನೆಯು 180 ದಿನಗಳ ಕಾಲ ಚಾಲ್ತಿಯಲ್ಲಿರುತ್ತದೆ. ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಬದಲಾಗುವಾಗ ಇದರ ಅಗತ್ಯವಿಲ್ಲ.

8. ತಾಳ್ಮೆ ಮತ್ತು ನಿಗಾ: ಸ್ಥಳಾಂತರದ ನಂತರ ಶೋಧದ ಸ್ಥಾನದಲ್ಲಿ ಸ್ವಲ್ಪ ಕಾಲ ಏರಿಳಿತಗಳು ಕಾಣುವುದು ಸಹಜ. ಮಧ್ಯಮ ಗಾತ್ರದ ತಾಣದ ಬಹುಪಾಲು ಪುಟಗಳು ಹೊಸ ವಿಳಾಸದಲ್ಲಿ ದಾಖಲಾಗಲು ಕೆಲವು ವಾರಗಳು ಬೇಕಾಗುತ್ತವೆ. ಈ ಅವಧಿಯಲ್ಲಿ ‘ದೊರೆಯಲಿಲ್ಲ’ ಎಂಬ ಉತ್ತರ ಪಡೆದ ವಿಳಾಸಗಳನ್ನು ವಾರಕ್ಕೊಮ್ಮೆ ನೋಡಿ, ಬಿಟ್ಟುಹೋದವನ್ನು ಕೋಷ್ಟಕಕ್ಕೆ ಸೇರಿಸಬೇಕು.

ಸಾಮಾನ್ಯವಾಗಿ ಆಗುವ ದೋಷಗಳು

ಅತ್ಯಂತ ವ್ಯಾಪಕವಾದ ದೋಷವೆಂದರೆ ಎಲ್ಲ ಹಳೆಯ ವಿಳಾಸಗಳನ್ನೂ ಹೊಸ ತಾಣದ ಮುಖಪುಟಕ್ಕೆ ಕಳುಹಿಸುವುದು. ಇದು ಒಂದೇ ಸಾಲಿನ ನಿಯಮದಿಂದ ಮುಗಿಯುವ ಕೆಲಸವಾದ್ದರಿಂದ ಅನೇಕರು ಇದನ್ನೇ ಮಾಡುತ್ತಾರೆ. ಗ್ರಂಥಾಲಯದಲ್ಲಿ ಒಂದು ಪುಸ್ತಕವನ್ನು ಕೇಳಿದವರನ್ನು ಪುನಃ ಹೆಬ್ಬಾಗಿಲಿಗೆ ಕಳುಹಿಸಿದಂತೆ ಇದು. ಕೇಳಿದ ವಿಷಯಕ್ಕೂ ತಲುಪಿದ ಪುಟಕ್ಕೂ ಸಂಬಂಧವಿಲ್ಲದಿದ್ದರೆ ಗೂಗಲ್ ಅದನ್ನು ಇಲ್ಲದ ಪುಟವೆಂದೇ ಎಣಿಸುವ ಸಂಭವವಿದೆ. ಆಗ ಹಳೆಯ ಪುಟದ ಮನ್ನಣೆಯು ವರ್ಗವಾಗುವುದಿಲ್ಲ.

ಎರಡನೆಯದು ಸರಪಳಿ. 2010ರಲ್ಲಿ ಒಂದು ವಿಳಾಸ, 2016ರಲ್ಲಿ ಇನ್ನೊಂದು, 2024ರಲ್ಲಿ ಮತ್ತೊಂದು ಎಂದು ಬದಲಾದಾಗ, ಮೊದಲನೆಯದರಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ ಹೋಗುವ ಸ್ಥಿತಿ ಉಂಟಾಗುತ್ತದೆ. ಗೂಗಲ್‌ನ ಸಂಚಾರಿ ತಂತ್ರಾಂಶವು ಇಂತಹ 10 ಜಿಗಿತಗಳವರೆಗೆ ಹಿಂಬಾಲಿಸುತ್ತದೆ. ಆದರೂ ಮೂರಕ್ಕಿಂತ ಹೆಚ್ಚು ಇರದಂತೆ ನೋಡಿಕೊಳ್ಳುವುದು ಲೇಸೆಂಬುದು ಆ ಸಂಸ್ಥೆಯದೇ ಸಲಹೆ. ಪ್ರತಿ ಜಿಗಿತಕ್ಕೂ ಸಮಯ ಹಿಡಿಯುವುದರಿಂದ, ಅತ್ಯಂತ ಹಳೆಯ ವಿಳಾಸವನ್ನೂ ನೇರವಾಗಿ ಕೊನೆಯ ವಿಳಾಸಕ್ಕೆ ಜೋಡಿಸಬೇಕು. ಮೊದಲನೆಯ ವಿಳಾಸವು ಎರಡನೆಯದಕ್ಕೂ, ಎರಡನೆಯದು ಪುನಃ ಮೊದಲನೆಯದಕ್ಕೂ ಕಳುಹಿಸುವ ಚಕ್ರವು ಏರ್ಪಟ್ಟರಂತೂ ಪುಟವು ತೆರೆಯುವುದೇ ಇಲ್ಲ.

ಮೂರನೆಯದು ಅವಸರ. ಹೊಸ ತಾಣವು ಚೆನ್ನಾಗಿ ನಡೆಯುತ್ತಿದೆಯೆಂದು ಕೆಲವೇ ತಿಂಗಳುಗಳಲ್ಲಿ ಮರುನಿರ್ದೇಶನಗಳನ್ನು ತೆಗೆದುಹಾಕುವುದು ಸರಿಯಲ್ಲ. ಕನಿಷ್ಠ ಒಂದು ವರ್ಷವಾದರೂ ಅವುಗಳನ್ನು ಉಳಿಸಬೇಕೆಂದು ಗೂಗಲ್ ಹೇಳುತ್ತದೆ. ಆದರೆ ಮುದ್ರಿತ ಪುಸ್ತಕಗಳಲ್ಲಿ, ಆಮಂತ್ರಣ ಪತ್ರಿಕೆಗಳಲ್ಲಿ, ಹಳೆಯ ಮಿಂಚಂಚೆಗಳಲ್ಲಿ ಇರುವ ವಿಳಾಸಗಳನ್ನು ಯಾರೂ ತಿದ್ದಲಾರರು. ಆದುದರಿಂದ ಸಾಧ್ಯವಿರುವವರೆಗೆ ಅವುಗಳನ್ನು ಉಳಿಸಿಕೊಳ್ಳುವುದೇ ಸೂಕ್ತ.

ನಾಲ್ಕನೆಯದು ಹಳೆಯ ಡೊಮೇನ್‌ನ ನೋಂದಣಿಯನ್ನು ನವೀಕರಿಸದೆ ಬಿಡುವುದು. ನೋಂದಣಿಯ ಅವಧಿ ಮುಗಿದ ಹೆಸರನ್ನು ಬೇರೆ ಯಾರಾದರೂ ಕೊಳ್ಳಬಹುದು. ಆಗ ಸಂಸ್ಥೆಯ ಹೆಸರನ್ನು ನಂಬಿ ಬಂದವರು ಜೂಜಿನ ಅಥವಾ ವಂಚನೆಯ ತಾಣಕ್ಕೆ ತಲುಪುವ ಅಪಾಯವಿದೆ. ಅನೇಕ ಸಂಘಗಳಲ್ಲಿ ಡೊಮೇನ್‌ನ ನೋಂದಣಿಯು ಒಬ್ಬ ಪದಾಧಿಕಾರಿಯ ಸ್ವಂತ ಹೆಸರಿನಲ್ಲಿಯೂ ಮಿಂಚಂಚೆಯಲ್ಲಿಯೂ ಇರುತ್ತದೆ; ಅವರು ಊರು ಬಿಟ್ಟಾಗ ನವೀಕರಣದ ಸೂಚನೆಯು ಯಾರಿಗೂ ತಲುಪುವುದಿಲ್ಲ. ನೋಂದಣಿಯನ್ನು ಸಂಸ್ಥೆಯ ಹೆಸರಿನಲ್ಲಿ ಮಾಡಿಸಿ, ನವೀಕರಣದ ದಿನಾಂಕವನ್ನು ಸಂಸ್ಥೆಯ ದಾಖಲೆ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು.

ಐದನೆಯದು ಪರರ ಸೇವೆಯ ಮೇಲಿನ ಅತಿ ಅವಲಂಬನೆ. ಉದ್ದವಾದ ವಿಳಾಸವನ್ನು ಚಿಕ್ಕದಾಗಿಸುವ ಸೇವೆಗಳೂ ಮರುನಿರ್ದೇಶನದ ತತ್ತ್ವದ ಮೇಲೆಯೇ ನಿಂತಿವೆ. 2009ರಲ್ಲಿ ಆರಂಭವಾದ ಗೂಗಲ್‌ನ ಕಿರುವಿಳಾಸ ಸೇವೆಯನ್ನು ನಿಲ್ಲಿಸುವುದಾಗಿ 2018ರಲ್ಲಿ ಪ್ರಕಟಿಸಲಾಯಿತು. 2025ರ ಆಗಸ್ಟ್ 25ರಿಂದ ಬಳಕೆಯಿಲ್ಲದ ಕಿರುವಿಳಾಸಗಳನ್ನು ನಿಷ್ಕ್ರಿಯಗೊಳಿಸುವುದಾಗಿಯೂ ತಿಳಿಸಲಾಯಿತು. ಬಹುಕಾಲ ಉಳಿಯಬೇಕಾದ ಮುದ್ರಿತ ಪ್ರಕಟಣೆಗಳಲ್ಲಿ ಸ್ವಂತ ಡೊಮೇನ್‌ನ ವಿಳಾಸವನ್ನೇ ಕೊಡುವುದು ಕ್ಷೇಮ.

ಕನ್ನಡ ಲಿಪಿಯ ವಿಳಾಸಗಳು

ಈಗ ಪುಟದ ದಾರಿಯನ್ನು ಕನ್ನಡ ಲಿಪಿಯಲ್ಲಿಯೇ ಬರೆಯಲು ಸಾಧ್ಯವಿದೆ. ಓದಲು ಇದು ಹಿತಕರ. ಆದರೆ ಸರ್ವರಿಗೆ ಕಳುಹಿಸುವಾಗ ಕನ್ನಡದ ಪ್ರತಿಯೊಂದು ಸಂಕೇತಾಕ್ಷರವೂ ಮೂರು ಬೈಟುಗಳಾಗಿ, ಪ್ರತಿ ಬೈಟೂ ಶೇಕಡಾ ಚಿಹ್ನೆಯೂ ಸೇರಿ ಮೂರು ಚಿಹ್ನೆಗಳಾಗಿ ಮಾರ್ಪಡುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಕ, ನ, ವಿರಾಮ ಚಿಹ್ನೆ, ನ, ಡ ಎಂಬ ಐದು ಸಂಕೇತಾಕ್ಷರಗಳಿವೆ. ಅದು 45 ಚಿಹ್ನೆಗಳ ಉದ್ದವಾಗುತ್ತದೆ. ಮರುನಿರ್ದೇಶನದ ನಿಯಮವನ್ನು ಬರೆಯುವವರು ಈ ಪರಿವರ್ತಿತ ರೂಪವನ್ನೂ ಗಮನದಲ್ಲಿಟ್ಟುಕೊಂಡು ಪರೀಕ್ಷಿಸಬೇಕು.

ಇನ್ನೊಂದು ಸೂಕ್ಷ್ಮವೂ ಇದೆ. ‘ಕೊ’ ಎಂಬಲ್ಲಿನ ಒಕಾರದ ಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಸರ್ವರಿಗೆ ಬೇರೆ ಬೇರೆ. ಅರ್ಕಾವತ್ತಿನ ರೂಪವನ್ನು ನಿಯಂತ್ರಿಸಲು ಸೇರಿಸುವ ಅಗೋಚರ ಚಿಹ್ನೆಗಳಿಂದಲೂ ಇದೇ ತೊಂದರೆ ಉಂಟಾಗುತ್ತದೆ. ಹಳೆಯ ವಿಳಾಸವನ್ನು ಕೈಯಿಂದ ಪುನಃ ಟೈಪು ಮಾಡುವ ಬದಲು, ಇದ್ದ ತಾಣದಿಂದಲೇ ಪ್ರತಿ ಮಾಡಿಕೊಂಡು ಕೋಷ್ಟಕಕ್ಕೆ ಸೇರಿಸಿದರೆ ಈ ತೊಡಕನ್ನು ತಪ್ಪಿಸಬಹುದು.

ದೇಶದ ಎರಡು ನಿದರ್ಶನಗಳು

ವಿಳಾಸದ ಬದಲಾವಣೆಯು ಎಷ್ಟು ಜನರನ್ನು ಮುಟ್ಟುತ್ತದೆ ಎಂಬುದನ್ನು ಇತ್ತೀಚಿನ ಎರಡು ಸಂದರ್ಭಗಳು ತೋರಿಸುತ್ತವೆ. ಆದಾಯ ತೆರಿಗೆ ವಿವರಣ ಸಲ್ಲಿಸುವ ತಾಣವು 2021ರ ಜೂನ್ 7ರಂದು ‘ಇನ್‌ಕಮ್‌ಟ್ಯಾಕ್ಸ್‌ಇಂಡಿಯಾಇಫೈಲಿಂಗ್ ಡಾಟ್ ಗವ್ ಡಾಟ್ ಇನ್’ ಎಂಬ ಉದ್ದವಾದ ವಿಳಾಸದಿಂದ ‘ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್’ ಎಂಬ ಚಿಕ್ಕ ವಿಳಾಸಕ್ಕೆ ಬದಲಾಯಿತು. ಹಳೆಯ ತಾಣವು ಜೂನ್ 1ರಿಂದ 6ರವರೆಗೆ ತೆರಿಗೆದಾರರಿಗೆ ಲಭ್ಯವಿರುವುದಿಲ್ಲವೆಂದು ಮುಂಚಿತವಾಗಿಯೇ ಪ್ರಕಟಿಸಲಾಗಿತ್ತು.

ಎರಡನೆಯದು ಬ್ಯಾಂಕುಗಳದು. ವಂಚಕರು ಬ್ಯಾಂಕುಗಳ ಹೆಸರನ್ನು ಹೋಲುವ ತಾಣಗಳನ್ನು ರಚಿಸಿ ಗ್ರಾಹಕರನ್ನು ಮೋಸಗೊಳಿಸುವುದನ್ನು ತಡೆಯಲು, ಬ್ಯಾಂಕುಗಳಿಗೆ ಮಾತ್ರ ಮೀಸಲಾದ ‘ಬ್ಯಾಂಕ್ ಡಾಟ್ ಇನ್’ ಎಂಬ ಡೊಮೇನನ್ನು ಜಾರಿಗೆ ತರುವುದಾಗಿ ಭಾರತೀಯ ರಿಸರ್ವ್ ಬ್ಯಾಂಕ್ 2025ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಏಪ್ರಿಲ್ 22ರ ಸುತ್ತೋಲೆಯು 2025ರ ಅಕ್ಟೋಬರ್ 31ರೊಳಗೆ ಸ್ಥಳಾಂತರವನ್ನು ಮುಗಿಸುವಂತೆ ಬ್ಯಾಂಕುಗಳಿಗೆ ಸೂಚಿಸಿತು. ಈ ಡೊಮೇನ್‌ನ ನೋಂದಣಿಯ ಹೊಣೆಯನ್ನು ಹೈದರಾಬಾದಿನಲ್ಲಿರುವ, ಬ್ಯಾಂಕಿಂಗ್ ತಂತ್ರಜ್ಞಾನ ಅಭಿವೃದ್ಧಿ ಮತ್ತು ಸಂಶೋಧನಾ ಸಂಸ್ಥೆಗೆ ವಹಿಸಲಾಯಿತು. ಇಂತಹ ಬದಲಾವಣೆಯಲ್ಲಿ ಹಳೆಯ ವಿಳಾಸವನ್ನು ಬ್ಯಾಂಕು ತನ್ನ ವಶದಲ್ಲಿಯೇ ಇಟ್ಟುಕೊಂಡು ಹೊಸದಕ್ಕೆ ಮರುನಿರ್ದೇಶಿಸುವುದು ಕೇವಲ ಶೋಧದ ಸ್ಥಾನದ ಪ್ರಶ್ನೆಯಲ್ಲ. ಗ್ರಾಹಕರ ಹಣದ ರಕ್ಷಣೆಯ ಪ್ರಶ್ನೆ.

ಸಾರ್ವಜನಿಕರು ಇಲ್ಲಿ ಒಂದು ಎಚ್ಚರಿಕೆಯನ್ನು ವಹಿಸಬೇಕು. ಮರುನಿರ್ದೇಶನವನ್ನು ಸಜ್ಜನರಂತೆ ವಂಚಕರೂ ಬಳಸಬಲ್ಲರು. ಕೊಂಡಿಯನ್ನು ಒತ್ತಿದ ಮೇಲೆ ಬ್ರೌಸರಿನ ಮೇಲ್ಭಾಗದಲ್ಲಿ ಕೊನೆಗೆ ಕಾಣಿಸುವ ವಿಳಾಸವನ್ನು ಓದಿ, ಅದು ತಾವು ಉದ್ದೇಶಿಸಿದ ಸಂಸ್ಥೆಯದೇ ಎಂದು ಖಚಿತಪಡಿಸಿಕೊಂಡ ಬಳಿಕವೇ ಗುಪ್ತಪದವನ್ನು ಬರೆಯಬೇಕು. ಸಂದೇಶದಲ್ಲಿ ಬಂದ ಕೊಂಡಿಯ ಬದಲು ವಿಳಾಸವನ್ನು ತಾವೇ ಟೈಪು ಮಾಡುವುದು ಇನ್ನೂ ಸುರಕ್ಷಿತ.

ಹಳೆಯ ವಿಳಾಸವು ತೆರೆಯದಿದ್ದಾಗ

ಓದುಗರು ಬೇಕಾದ ಪುಟವು ಹಳೆಯ ವಿಳಾಸದಲ್ಲಿ ದೊರೆಯದಿದ್ದರೆ ಕೂಡಲೇ ನಿರಾಶರಾಗಬೇಕಾಗಿಲ್ಲ. ಪುಟದ ಶೀರ್ಷಿಕೆಯನ್ನು ಸಂಸ್ಥೆಯ ಹೆಸರಿನೊಡನೆ ಶೋಧಯಂತ್ರದಲ್ಲಿ ಹುಡುಕಬಹುದು. 1996ರಲ್ಲಿ ಸ್ಥಾಪನೆಯಾದ ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆಯು ಜಾಲಪುಟಗಳ ಹಳೆಯ ಪ್ರತಿಗಳನ್ನು ಸಂಗ್ರಹಿಸುತ್ತಿದ್ದು, 2001ರಿಂದ ‘ವೇಬ್ಯಾಕ್ ಮಷೀನ್’ ಎಂಬ ಸೇವೆಯ ಮೂಲಕ ಅವುಗಳನ್ನು ಸಾರ್ವಜನಿಕರಿಗೆ ಉಚಿತವಾಗಿ ಒದಗಿಸುತ್ತಿದೆ. ಅಲ್ಲಿ ಹಳೆಯ ವಿಳಾಸವನ್ನು ಬರೆದರೆ ಪ್ರತಿಯು ದೊರೆಯುವ ಸಂಭವವಿದೆ. ಮುರಿದ ಕೊಂಡಿಯನ್ನು ಕುರಿತು ಸಂಸ್ಥೆಗೆ ಒಂದು ಸಾಲು ಬರೆದು ತಿಳಿಸುವುದೂ ಉಪಕಾರವೇ. ಅನೇಕ ವೇಳೆ ಕೊಂಡಿ ಮುರಿದಿರುವುದು ಸಂಸ್ಥೆಯವರ ಗಮನಕ್ಕೇ ಬಂದಿರುವುದಿಲ್ಲ.

ಉಪಸಂಹಾರ

ಹೊಸ ಜಾಲತಾಣದ ರಚನೆಯನ್ನು ಗುತ್ತಿಗೆಗೆ ಕೊಡುವಾಗ ಬಣ್ಣ, ಚಿತ್ರ, ವಿನ್ಯಾಸಗಳ ವಿಷಯದಲ್ಲಿ ಬಹಳ ಚರ್ಚೆ ನಡೆಯುತ್ತದೆ. ಹಳೆಯ ವಿಳಾಸಗಳ ಗತಿಯೇನು ಎಂಬ ಪ್ರಶ್ನೆ ಅಪರೂಪಕ್ಕೂ ಏಳುವುದಿಲ್ಲ. ಆ ಪ್ರಶ್ನೆಯನ್ನು ಮೊದಲ ಸಭೆಯಲ್ಲಿಯೇ ಕೇಳಬೇಕು. ಹಳೆಯ ವಿಳಾಸಗಳ ಪಟ್ಟಿ, ಜೋಡಣೆಯ ಕೋಷ್ಟಕ, ಶಾಶ್ವತ ಮರುನಿರ್ದೇಶನದ ಅಳವಡಿಕೆ ಮತ್ತು ಪರೀಕ್ಷೆ ಇವು ನಾಲ್ಕನ್ನೂ ಕೆಲಸದ ಆದೇಶದಲ್ಲಿ ಲಿಖಿತವಾಗಿ ಸೇರಿಸಬೇಕು. ಇವು ಪೂರ್ಣವಾಗುವವರೆಗೆ ಹಳೆಯ ತಾಣವನ್ನು ಮುಚ್ಚಬಾರದು. ಕೊನೆಯ ಕಂತಿನ ಹಣವನ್ನೂ ಪಾವತಿಸಬಾರದು. ಕೋಷ್ಟಕದ ಒಂದು ಪ್ರತಿಯು ಸಂಸ್ಥೆಯ ಕಚೇರಿಯಲ್ಲಿಯೇ ಇರಬೇಕು. ಮುಂದೆ ಇನ್ನೊಮ್ಮೆ ತಾಣವನ್ನು ಬದಲಿಸುವ ಪದಾಧಿಕಾರಿಗಳಿಗೆ ಮೊದಲು ಬೇಕಾಗುವುದು ಅದೇ.